ವಿಜ್ಞಾನಿಯ ಚರಿತ್ರೆಯಲ್ಲಿ ಸೋಲಿನ ಸ್ಥಾನ

ಜೀವನಚರಿತ್ರೆ ಬರೆಯುವುದು ಕಾದಂಬರಿ ಬರೆಯುವುದಕ್ಕಿಂತ ಸುಲಭವೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಕಥೆ ಸಿದ್ಧವಾಗಿಯೇ ಇರುತ್ತದೆ. ನಾಯಕ ಹುಟ್ಟಿದ ಊರೂ ಗೊತ್ತು, ತೀರಿಕೊಂಡ ದಿನವೂ ಗೊತ್ತು. ನಡುವಿನದನ್ನು ಕಾಲಕ್ರಮದಲ್ಲಿ ಜೋಡಿಸಿದರಾಯಿತು. ವಿಜ್ಞಾನಿಯ ಚರಿತ್ರೆಯಾದರಂತೂ ಇನ್ನೂ ಸುಲಭ. ಅವನು ಮಾಡಿದ ಕೆಲಸ ಓದುಗರಿಗೆ ಅರ್ಥವಾಗುವುದಿಲ್ಲವೆಂದು ಅದನ್ನು ಬಿಟ್ಟುಬಿಡಬಹುದು. ಬಂದ ಬಿರುದುಗಳನ್ನು ಮಾತ್ರ ಬರೆದರೆ ಸಾಕು. ಈ ನಂಬಿಕೆ ಎಷ್ಟು ಆಳವಾಗಿ ಬೇರೂರಿದೆಯೆಂಬುದು ನನಗೆ ಮನದಟ್ಟಾದದ್ದು ಕಳೆದ ವರ್ಷ, ರಾಯಚೂರು ಜಿಲ್ಲೆಯಲ್ಲಿ.

ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಕಾಲೇಜು ವಿದ್ಯಾರ್ಥಿಗಳಿಗಾಗಿ ಕೆಲವರು ಸಾಹಿತ್ಯಪ್ರಿಯ ಮಿತ್ರರು ಒಂದು ಪ್ರಬಂಧ ಸ್ಪರ್ಧೆಯನ್ನು ಏರ್ಪಡಿಸಿದ್ದರು. ವಿಷಯ ತುಸು ಹೊಸದಾಗಿತ್ತು: ವೈದ್ಯಕ್ಕೆ ನೆರವಾದ ಒಬ್ಬ ವಸ್ತುವಿಜ್ಞಾನಿಯ ಬಾಳು. ಲೋಹ, ಗಾಜು, ಪಿಂಗಾಣಿ, ಪ್ಲಾಸ್ಟಿಕ್ಕು ಮೊದಲಾದವುಗಳ ಗುಣವನ್ನರಿತು, ಅವನ್ನು ಬೇಕಾದ ಕೆಲಸಕ್ಕೆ ಒಗ್ಗಿಸುವ ಶಾಸ್ತ್ರವೇ ವಸ್ತುವಿಜ್ಞಾನ. ಮುರಿದ ಮೂಳೆಗೆ ಹಾಕುವ ತಗಡು, ಸವೆದ ಕೀಲಿಗೆ ಕೂಡಿಸುವ ಗುಂಡು, ಕಟ್ಟಿಕೊಂಡ ರಕ್ತನಾಳವನ್ನು ಅಗಲಿಸುವ ಬಲೆ ಎಲ್ಲವೂ ಈ ಶಾಸ್ತ್ರದ ಕೊಡುಗೆ. ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬ. ಬಂದ ಪ್ರಬಂಧಗಳು ನಲವತ್ತೊಂದು.

ಅವುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಅಬ್ದುಲ್ ಕಲಾಂ ಅವರನ್ನು ಕುರಿತವು. ತಪ್ಪೇನಿಲ್ಲ; ಕ್ಷಿಪಣಿಗಾಗಿ ರೂಪಿಸಿದ ಹಗುರವಾದ ವಸ್ತುವಿನಿಂದ ಹೈದರಾಬಾದಿನ ನಿಜಾಮ್ ವೈದ್ಯಸಂಸ್ಥೆಯ ಪೋಲಿಯೊ ಮಕ್ಕಳಿಗೆ ಕಾಲಾಸರೆಗಳನ್ನು ಮಾಡಿಸಿದ ಪ್ರಸಂಗವನ್ನು ಅವರೇ ಹೇಳಿದ್ದಾರೆ. ಮೂರು ಕಿಲೊ ಮೀರುತ್ತಿದ್ದ ಆಸರೆ ಮುನ್ನೂರು ಗ್ರಾಮಿಗೆ ಇಳಿಯಿತು. ಒಳ್ಳೆಯ ಸಂಗತಿ. ಆದರೆ ಇಪ್ಪತ್ತು ಪ್ರಬಂಧಗಳಲ್ಲಿ ಈ ಸಂಗತಿ ಒಂದೇ ವಾಕ್ಯವಾಗಿ, ಒಂದೇ ಮಾತುಗಳಲ್ಲಿ ಬಂದಿತ್ತು. ಅದರ ಹಿಂದೆ ಒಂದು ಪುಟ ಬಡತನ, ಮುಂದೆ ಎರಡು ಪುಟ ಪ್ರಶಸ್ತಿ. ಮಗು ಮೊದಲ ಸಲ ಆಸರೆ ತೊಟ್ಟಾಗ ಎಲ್ಲಿ ಒತ್ತಿತು, ಎಲ್ಲಿ ಉಜ್ಜಿತು, ಯಾವ ಪದರ ಬಿರಿಯಿತು, ಅದನ್ನು ಯಾರು ಸರಿಪಡಿಸಿದರು? ಒಬ್ಬರೂ ಕೇಳಿಕೊಂಡಿರಲಿಲ್ಲ. ವಸ್ತು ಮಂತ್ರದಿಂದ ಹುಟ್ಟಿ, ಮಗುವಿನ ಕಾಲಿಗೆ ತಾನಾಗಿ ಹೊಂದಿಕೊಂಡಂತಿತ್ತು.

ವಿದ್ಯಾರ್ಥಿಗಳನ್ನು ದೂರಿ ಫಲವಿಲ್ಲ. ಅವರು ಕಂಡ ಮಾದರಿಗಳೇ ಹಾಗಿವೆ. ನಮ್ಮ ಪಠ್ಯಪುಸ್ತಕದ ವಿಜ್ಞಾನಿ ಪುರಾಣದ ಬಾಲಕನಂತೆ ಹುಟ್ಟುವಾಗಲೇ ಸಿದ್ಧಪುರುಷ. ಬೀದಿದೀಪದ ಕೆಳಗೆ ಓದುತ್ತಾನೆ, ಗುರುವಿನ ಪ್ರಶ್ನೆಗೆ ತಲೆದೂಗುವಂತೆ ಉತ್ತರಿಸುತ್ತಾನೆ, ವಿದೇಶಕ್ಕೆ ಹೋಗಿ ತಾಯ್ನಾಡಿಗೆ ಮರಳುತ್ತಾನೆ, ಸನ್ಮಾನ ಪಡೆಯುತ್ತಾನೆ. ಅವನ ಕೈಗೆ ಎಣ್ಣೆ ಮೆತ್ತುವುದಿಲ್ಲ. ಅವನ ಲೆಕ್ಕ ತಪ್ಪುವುದಿಲ್ಲ.

ಕನ್ನಡದಲ್ಲಿ ಬೇರೆ ದಾರಿ ಇರಲಿಲ್ಲವೆ? ಇತ್ತು. ಬೆಳ್ಳಾವೆ ವೆಂಕಟನಾರಣಪ್ಪನವರು ೧೯೧೮ರಲ್ಲಿಯೇ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಲು ಮುಂದಾದಾಗ ಅವರ ಮುಂದಿದ್ದ ಕೆಲಸ ವ್ಯಕ್ತಿಪೂಜೆಯಲ್ಲ, ವಿಷಯವನ್ನು ತಿಳಿಗನ್ನಡಕ್ಕೆ ತರುವುದು. ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳಲ್ಲಿ ಒಬ್ಬರೇ ಆ ಹೊರೆಯನ್ನು ಹೊತ್ತರು. ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ವಿನಲ್ಲಿ ಗಿಡಮರಗಳೇ ಪಾತ್ರಗಳು; ವಿಜ್ಞಾನಿ ಅವುಗಳ ಬೆನ್ನುಹತ್ತಿ ಕಾಡುಮೇಡು ಅಲೆಯುವವನು, ಬೇಕಾದರೆ ನಗೆಪಾಟಲಿಗೂ ಈಡಾಗುವವನು. ಅದರಿಂದಲೇ ಸಸ್ಯಶಾಸ್ತ್ರದ ಗಂಧವಿಲ್ಲದವರೂ ಆ ಪುಸ್ತಕವನ್ನು ಪ್ರೀತಿಯಿಂದ ಓದುತ್ತಾರೆ. ಜಿ. ಟಿ. ನಾರಾಯಣರಾಯರು ವಿಜ್ಞಾನಿಗಳ ಬಾಳನ್ನು ಬರೆದಾಗ ಅವರ ವಿಚಾರವನ್ನು ಬಿಟ್ಟು ಬರೆಯಲಿಲ್ಲ. ಗಿಡಕ್ಕೂ ನಕ್ಷತ್ರಕ್ಕೂ ನಮ್ಮಲ್ಲಿ ಲೇಖಕರು ದೊರಕಿದರು. ಲೋಹಕ್ಕೆ, ಪ್ಲಾಸ್ಟಿಕ್ಕಿಗೆ ಅಂಥವರು ಇನ್ನೂ ದೊರಕಬೇಕಾಗಿದೆ.

ಇಷ್ಟು ಪೀಠಿಕೆ ಹಾಕಿದ್ದು ಆ ನಲವತ್ತೊಂದರಲ್ಲಿ ಒಂದು ಪ್ರಬಂಧದ ವಿಚಾರ ಹೇಳುವುದಕ್ಕಾಗಿ. ಬರೆದವಳು ಮಸ್ಕಿ ತಾಲ್ಲೂಕಿನ ಒಂದು ಹಳ್ಳಿಯ ಹುಡುಗಿ; ಬಿ.ಎ. ಎರಡನೆಯ ವರ್ಷ. ಅವಳ ಬರಹ ಯಾರ ಹುಟ್ಟಿನಿಂದಲೂ ಆರಂಭವಾಗುವುದಿಲ್ಲ. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ಹತ್ತೊಂಬತ್ತನೆಯ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತಷ್ಟೆ. ಎಡದಂಡೆ ಕಾಲುವೆಯ ನೀರನ್ನು ನೆಚ್ಚಿ ಭತ್ತ ಹಾಕಿದ ಸಿಂಧನೂರಿನ ಕಡೆಯ ರೈತರಾರೂ ಆ ಸುದ್ದಿ ಕೇಳಿದ ಮೇಲೆ ಕಣ್ಣುಮುಚ್ಚಲಿಲ್ಲ. ಅವಳ ಮನೆಯಲ್ಲಿಯೂ ದೀಪ ಆರಲಿಲ್ಲ. ತಂದೆ ಗೋಡೆಗೆ ಒರಗಿ ಕೂತಿದ್ದಾರೆ. ಮಾತಿಲ್ಲ. ಆ ಮೌನದಲ್ಲಿ ಅವರ ಎದೆಯೊಳಗಿನಿಂದ ಟಿಕ್, ಟಿಕ್ ಎಂಬ ಸಣ್ಣ ಸದ್ದು ಕೇಳುತ್ತಿದೆ. ಅಲ್ಲಿಯೂ ಒಂದು ಗೇಟು ಇದೆ. ಅದು ತೆರೆದು ಮುಚ್ಚುತ್ತಿದೆ.

ತಂದೆಗೆ ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದಿತ್ತು. ಗಂಟಲುಬೇನೆಯಾಗಿ ಹೊರಟು, ಕೀಲುಗಳನ್ನು ಬಾಧಿಸಿ, ಕೊನೆಗೆ ಹೃದಯದ ಬಾಗಿಲುಗಳನ್ನು ಕೆಡಿಸುವ ಕಾಯಿಲೆ ಅದು. ನಡುವಯಸ್ಸಿನಲ್ಲಿ ಹೊಲದ ಬದು ಹತ್ತುವುದಕ್ಕೂ ಉಸಿರು ಸಾಲದಾಯಿತು. ದೂರದ ನಗರದ ಆಸ್ಪತ್ರೆಯಲ್ಲಿ ಕೆಟ್ಟ ಬಾಗಿಲನ್ನು ತೆಗೆದು ಕೃತಕವಾದದ್ದನ್ನು ಕೂಡಿಸಿದರು. ಅದರ ಚೀಟಿ ಈಗ ಮನೆಯ ಟ್ರಂಕಿನಲ್ಲಿ ಹೊಲದ ಪಹಣಿಯ ಜೊತೆಗಿದೆ. ಆ ಚೀಟಿಯ ಮೇಲೆ ‘ಚಿತ್ರಾ’ ಎಂಬ ಹೆಸರನ್ನು ಓದಿ, ಈ ಚಿತ್ರಾ ಯಾರು ಎಂದು ಹುಡುಕುತ್ತ ಹೋದ ಬಗೆಯೇ ಅವಳ ಪ್ರಬಂಧ.

ಹುಡುಕಿದಾಗ ಅವಳಿಗೆ ಸಿಕ್ಕಿದ್ದು ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ. ಅದನ್ನು ಕಟ್ಟಿ ಬೆಳೆಸಿದ ಶಸ್ತ್ರವೈದ್ಯ ಎಂ. ಎಸ್. ವಲಿಯತ್ತಾನ್. ೧೯೭೪ರಲ್ಲಿ ಅವರು ಅಲ್ಲಿಗೆ ಬಂದಾಗ ತಿರುವಾಂಕೂರಿನ ರಾಜಮನೆತನ ಕೊಟ್ಟ ಕಟ್ಟಡವಿತ್ತು, ಆಸ್ಪತ್ರೆ ಇರಲಿಲ್ಲ. ಹೃದಯದ ಕವಾಟಗಳು ಹೊರದೇಶದಿಂದ ಬರುತ್ತಿದ್ದವು. ಕೊಳ್ಳಬಲ್ಲವರು ಕೆಲವರು, ಬೇಕಾದವರು ಹಲವರು. ನಾವೇ ಏಕೆ ಮಾಡಬಾರದು ಎಂದು ಅವರು ಹೊರಟರು. ಪೂಜಪ್ಪುರದ ಒಂದು ಹಳೆಯ ಅರಮನೆಯಲ್ಲಿ ಎಂಜಿನಿಯರುಗಳು, ಲೋಹ ಬಲ್ಲವರು, ಪ್ಲಾಸ್ಟಿಕ್ಕು ಬಲ್ಲವರು, ಪಶುವೈದ್ಯರು ಒಟ್ಟಿಗೆ ಕೂತರು.

ಕೃತಕ ಕವಾಟ ಹೊಸ ಕಲ್ಪನೆಯೇನೂ ಅಲ್ಲ. ಅಮೆರಿಕದಲ್ಲಿ ಲೊವೆಲ್ ಎಡ್ವರ್ಡ್ಸ್ ಎಂಬ ವಯಸ್ಸಾದ ಎಂಜಿನಿಯರು ಇಡಿಯ ಹೃದಯವನ್ನೇ ಮಾಡೋಣವೆಂದು ಆಲ್ಬರ್ಟ್ ಸ್ಟಾರ್ ಎಂಬ ಶಸ್ತ್ರವೈದ್ಯನ ಬಳಿಗೆ ಹೋದ. ಮೊದಲು ಒಂದು ಕವಾಟ ಮಾಡೋಣ ಎಂದು ಆತ ಹೇಳಿದ. ೧೯೬೦ರಲ್ಲಿ ಪಂಜರದೊಳಗೆ ಗುಂಡು ಕುಣಿಯುವ ಅವರ ಕವಾಟ ರೋಗಿಗಳ ಎದೆ ಸೇರಿತು. ಆಮೇಲೆ ಬಂದದ್ದು ಓಲುವ ಬಿಲ್ಲೆಯ ಕವಾಟ. ಲೋಹದ ಚೌಕಟ್ಟಿನಲ್ಲಿ ಒಂದು ದುಂಡು ಬಿಲ್ಲೆ ವಾಲಿ ರಕ್ತಕ್ಕೆ ದಾರಿ ಬಿಡುತ್ತದೆ, ಮರಳಿ ಮುಚ್ಚುತ್ತದೆ. ತಿರುವನಂತಪುರದವರು ಆರಿಸಿಕೊಂಡದ್ದು ಈ ಬಗೆಯನ್ನು.

ಕೇಳುವುದಕ್ಕೆ ಎಷ್ಟು ಸರಳ! ಆದರೆ ಲೆಕ್ಕ ಹಾಕಿ ನೋಡಿ. ಹೃದಯ ನಿಮಿಷಕ್ಕೆ ಎಪ್ಪತ್ತು ಸಲ ಬಡಿದರೆ ದಿನಕ್ಕೆ ಒಂದು ಲಕ್ಷ ಸಲ, ವರ್ಷಕ್ಕೆ ಮೂರೂವರೆ ಕೋಟಿಗೂ ಮಿಗಿಲು, ಹತ್ತು ವರ್ಷಕ್ಕೆ ಮೂವತ್ತಾರು ಕೋಟಿ. ಅಷ್ಟು ಸಲ ತೆರೆದು ಮುಚ್ಚಿಯೂ ಸವೆಯಬಾರದು, ಮುರಿಯಬಾರದು, ತುಕ್ಕು ಹಿಡಿಯಬಾರದು. ಮುಟ್ಟಿ ಹೋಗುವ ರಕ್ತ ಹೆಪ್ಪುಗಟ್ಟಬಾರದು. ನಮ್ಮ ಕಾಲುವೆಯ ಗೇಟನ್ನು ವರ್ಷದಲ್ಲಿ ಎಷ್ಟು ಸಲ ಎತ್ತಿ ಇಳಿಸುತ್ತೇವೆ?

ಮೊದಲನೆಯ ಮಾದರಿಯಲ್ಲಿ ಬೆಸುಗೆ ಕೈಕೊಟ್ಟಿತು. ಎರಡನೆಯದರಲ್ಲಿ ಚೌಕಟ್ಟು ಟೈಟೇನಿಯಂ, ಬಿಲ್ಲೆ ಕೃತಕ ನೀಲದ ಹರಳು. ವಜ್ರವನ್ನು ಬಿಟ್ಟರೆ ಇಷ್ಟು ಗಡುಸಾದ ವಸ್ತು ವಿರಳ. ಆದರೆ ಆ ಗಡಸುತನವೇ ಮುಳುವಾಯಿತು. ಹರಳು ಮೃದುವಾದ ಟೈಟೇನಿಯಮನ್ನು ತೇಯಿತು. ಮೂರನೆಯದರಲ್ಲಿ ಟೈಟೇನಿಯಮನ್ನು ಬಿಟ್ಟು, ಜೆಟ್ ಎಂಜಿನ್ನುಗಳಲ್ಲಿ ಬಳಸುವ ಕೋಬಾಲ್ಟ್ ಮಿಶ್ರಲೋಹವನ್ನು ತಂದರು. ಸವೆತ ನಿಂತಿತು. ಆದರೆ ಕುರಿಯೊಂದರಲ್ಲಿ ಕೂಡಿಸಿ ನೋಡಿದಾಗ ನೀಲದ ಬಿಲ್ಲೆಯೇ ಒಡೆಯಿತು. ವರ್ಷಗಟ್ಟಲೆ ದುಡಿದ ಮೇಲೆ ಬಂದ ಫಲ ಇದು. ನಾಲ್ಕನೆಯದರಲ್ಲಿ ಹರಳನ್ನೂ ಕೈಬಿಟ್ಟು, ಕೃತಕ ಸೊಂಟದ ಕೀಲಿನಲ್ಲಿ ಬಳಸುವ, ಅತಿ ಉದ್ದದ ಅಣುಸರಪಳಿಗಳುಳ್ಳ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ಬಿಲ್ಲೆ ಮಾಡಿದರು. ಚೌಕಟ್ಟನ್ನು ಬೆಸುಗೆಯೇ ಇಲ್ಲದಂತೆ ಒಂದೇ ಲೋಹದ ಗಟ್ಟಿಯಿಂದ ಕಡೆದರು. ಸುತ್ತ ಹೊಲಿಯಲು ಪಾಲಿಯೆಸ್ಟರ್ ಬಟ್ಟೆಯ ಬಳೆ. ಈ ಕವಾಟ ೧೯೯೦ರ ಡಿಸೆಂಬರ್ ೬ರಂದು ಮೊದಲ ಬಾರಿಗೆ ಮನುಷ್ಯನ ಎದೆಯಲ್ಲಿ ಮಿಡಿಯಿತು. ಆರು ಕೇಂದ್ರಗಳಲ್ಲಿ ೩೦೬ ಮಂದಿಯ ಮೇಲೆ ಪರೀಕ್ಷೆ ನಡೆದು, ಟಿಟಿಕೆ ಸಂಸ್ಥೆಯ ಮೂಲಕ ಮಾರಾಟಕ್ಕೆ ಬಂದಿತು. ಇಂದಿಗೆ ಒಂದು ಲಕ್ಷಕ್ಕೂ ಹೆಚ್ಚು ಮಂದಿಗೆ ಅದನ್ನು ಕೂಡಿಸಿದ್ದಾರೆ. ಆ ಹುಡುಗಿಯ ತಂದೆ ಅವರಲ್ಲೊಬ್ಬರು.

ಲೆಕ್ಕವನ್ನೂ ಕೆಲವು ವಿವರಗಳನ್ನೂ ನಾನು ಸೇರಿಸಿದ್ದೇನೆ. ಕಥೆಯ ನಡೆ ಮಾತ್ರ ಅವಳದು. ಒಡೆದ ನೀಲದ ಬಿಲ್ಲೆಗೆ ಅವಳು ಒಂದು ಪುಟವನ್ನೇ ಕೊಟ್ಟಿದ್ದಾಳೆ. ಪದ್ಮವಿಭೂಷಣಕ್ಕೆ ಅರ್ಧ ಸಾಲು. ವಿಮರ್ಶಕನಾಗಿ ನಾನು ಮೆಚ್ಚುವುದು ಈ ತೂಕವನ್ನು. ಔಚಿತ್ಯವೆಂದು ನಮ್ಮ ಆಲಂಕಾರಿಕರು ಹೇಳಿದ್ದು ಇದನ್ನೇ ಅಲ್ಲವೆ? ಎಲ್ಲಿ ನಿಲ್ಲಬೇಕೊ ಅಲ್ಲಿ ನಿಲ್ಲುವುದು. ಎಲ್ಲಿ ದಾಟಬೇಕೊ ಅಲ್ಲಿ ದಾಟುವುದು.

ಲಿಂಗಸುಗೂರು ತಾಲ್ಲೂಕಿನವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಟ್ಟಿಯ ಚಿನ್ನದ ಗಣಿಗೆ ಹೋದವರು ಮೊದಲು ಕಾಣುವುದು ಚಿನ್ನವನ್ನಲ್ಲ. ಅರೆದು ಸೋಸಿ ಚೆಲ್ಲಿದ ಮಣ್ಣಿನ ದಿಬ್ಬಗಳನ್ನು. ಒಂದು ಟನ್ನು ಅದಿರಿಗೆ ದಕ್ಕುವುದು ಕೆಲವೇ ಗ್ರಾಮು. ಗಣಿಯ ಕಥೆ ಬರೆಯುವವನು ದಿಬ್ಬವನ್ನು ಬಿಟ್ಟು ಗಟ್ಟಿಯನ್ನಷ್ಟೇ ವರ್ಣಿಸಿದರೆ ಅದು ಗಣಿಯ ಕಥೆಯಾಗದು, ಚಿನಿವಾರನ ಅಂಗಡಿಯ ಜಾಹೀರಾತಾದೀತು. ವಸ್ತುವಿಜ್ಞಾನಿಯ ಬಾಳೂ ಹಾಗೆಯೇ. ಅವನು ಕೈಬಿಟ್ಟ ವಸ್ತುಗಳ ಪಟ್ಟಿಯೇ ಅವನ ನಿಜವಾದ ದಿನಚರಿ.

ಇದು ಬರಿಯ ಬರವಣಿಗೆಯ ಸೊಗಸಿನ ಪ್ರಶ್ನೆಯಲ್ಲ. ಓಲುವ ಬಿಲ್ಲೆಯ ಕವಾಟಗಳಲ್ಲಿ ಹೆಸರಾಗಿದ್ದದ್ದು ಬ್ಯೋರ್ಕ್–ಶೈಲಿ ಕವಾಟ. ಅದರ ಒಂದು ಸುಧಾರಿತ ಮಾದರಿ ೧೯೭೯ರಲ್ಲಿ ಪೇಟೆಗೆ ಬಂದು, ೧೯೮೬ರಲ್ಲಿ ಹಿಂದೆಗೆಯಲ್ಪಟ್ಟಿತು. ಅಷ್ಟರೊಳಗೆ ಸುಮಾರು ೮೬,೦೦೦ ಮಂದಿಯ ಎದೆಯಲ್ಲಿ ಅದು ನೆಲೆಸಿತ್ತು. ಬೆಸುಗೆ ಹಾಕಿದ ಒಂದು ಸಣ್ಣ ಕಂಬಿ ಮುರಿದು ಬಿಲ್ಲೆ ಜಾರಿದ ಪ್ರಕರಣಗಳು ಆರುನೂರು ಮೀರಿದವು. ಅವರಲ್ಲಿ ಹೆಚ್ಚಿನವರು ಉಳಿಯಲಿಲ್ಲ. ಸೋಲನ್ನು ಪ್ರಯೋಗಶಾಲೆ ಅನುಭವಿಸದಿದ್ದರೆ ರೋಗಿ ಅನುಭವಿಸಬೇಕಾಗುತ್ತದೆ. ಕುರಿಯ ಎದೆಯಲ್ಲಿ ಒಡೆದ ಆ ಹರಳು, ಮನುಷ್ಯನ ಎದೆಯಲ್ಲಿ ಒಡೆಯದಂತೆ ನೋಡಿಕೊಂಡದ್ದು ಸೋಲನ್ನು ಸೋಲೆಂದು ಒಪ್ಪಿದ ಜನ. ಸೋಲನ್ನು ಮುಚ್ಚಿ ಬರೆದ ಚರಿತ್ರೆ ಓದಿ ಬೆಳೆದ ಹುಡುಗ ನಾಳೆ ಪ್ರಯೋಗಶಾಲೆಗೆ ಹೋದರೆ, ತನ್ನ ಬಿಲ್ಲೆ ಒಡೆದದ್ದನ್ನು ಧೈರ್ಯವಾಗಿ ಹೇಳಿಯಾನೆ? ನನಗೆ ಸಂದೇಹ.

ಇನ್ನು ಭಾಷೆಯ ಮಾತು. ಅವಳು ಎಲ್ಲಿಯೂ ‘ಕವಾಟ’ವೆನ್ನುವುದಿಲ್ಲ, ‘ತೂಬು’ ಎನ್ನುತ್ತಾಳೆ. ನನ್ನ ಜೊತೆಯ ತೀರ್ಪುಗಾರರೊಬ್ಬರಿಗೆ ಇದು ಹಿಡಿಸಲಿಲ್ಲ. ಪಾರಿಭಾಷಿಕ ಪದವಿರುವಾಗ ಗ್ರಾಮ್ಯವೇಕೆ ಎಂದರು. ಕವಾಟವೆಂದರೆ ಸಂಸ್ಕೃತದಲ್ಲಿ ಬಾಗಿಲು; ಬಾಗಿಲು ಎರಡೂ ಕಡೆಗೆ ಜನರನ್ನು ಬಿಡುತ್ತದೆ. ತೂಬು ನೀರನ್ನು ಒಂದೇ ಕಡೆಗೆ ಬಿಡುತ್ತದೆ, ಹೊತ್ತರಿತು ನಿಲ್ಲಿಸುತ್ತದೆ. ಕೆಟ್ಟರೆ ಕೆಳಗಿನ ಹೊಲ ಒಣಗುತ್ತದೆ ಇಲ್ಲವೆ ಕೊಚ್ಚಿಹೋಗುತ್ತದೆ. ತೂಬು ತಾನಾಗಿ ತೆರೆದು ಮುಚ್ಚುವುದಿಲ್ಲ, ನಿಜ. ಅಷ್ಟರ ಮಟ್ಟಿಗೆ ಹೋಲಿಕೆ ಕುಂಟುತ್ತದೆ. ಆದರೂ ಕಾಲುವೆಯ ಕೊನೆಯಂಚಿನ ರೈತನಿಗೆ ಆ ಪದ ಒಂದೇ ಏಟಿಗೆ ಹೇಳುವಷ್ಟನ್ನು ನಮ್ಮ ಕೋಶದ ಪದ ಹೇಳಲಾರದು.

ಹೀಗೆಂದು ಪ್ರಬಂಧದಲ್ಲಿ ದೋಷಗಳಿಲ್ಲವೆಂದಲ್ಲ. ಮೊದಲನೆಯದು, ಅವಳು ಇಡಿಯ ಕೀರ್ತಿಯನ್ನು ವಲಿಯತ್ತಾನರೊಬ್ಬರ ತಲೆಗೆ ಕಟ್ಟಿದ್ದಾಳೆ. ಕವಾಟದ ವಿನ್ಯಾಸ, ಪರೀಕ್ಷೆಗಳ ಹೊರೆ ಹೊತ್ತ ಎಂಜಿನಿಯರು ಜಿ. ಎಸ್. ಭುವನೇಶ್ವರ್ ಅವರ ಹೆಸರು ಒಮ್ಮೆಯೂ ಬಂದಿಲ್ಲ. ಶಸ್ತ್ರವೈದ್ಯನಿಗೆ ಏನು ಬೇಕೆಂದು ಗೊತ್ತು. ಅದು ಯಾವುದರಿಂದ ಆದೀತೆಂದು ಹೇಳಬೇಕಾದವರು ಬೇರೆ. ಒಬ್ಬ ನಾಯಕನಿಲ್ಲದೆ ಚರಿತ್ರೆಯಿಲ್ಲವೆಂಬ ಹಳೆಯ ಚಟ ಅವಳನ್ನೂ ಬಿಟ್ಟಿಲ್ಲ. ಎರಡನೆಯದು, ಈ ಕಾಯಿಲೆಯನ್ನು ಬಾಲ್ಯದಲ್ಲಿಯೇ ಪೆನಿಸಿಲಿನ್ನಿನಿಂದ ತಡೆಯಬಹುದಿತ್ತೆಂಬ ಮಾತನ್ನು ಅವಳು ಬಿಟ್ಟಿದ್ದಾಳೆ. ಅಗ್ಗದ ಸೂಜಿಮದ್ದು ಹೊತ್ತಿಗೆ ದೊರೆಯದ ಕಡೆ ದುಬಾರಿ ಲೋಹದ ಅಗತ್ಯ ಬೀಳುತ್ತದೆ. ವಸ್ತುವಿಜ್ಞಾನವನ್ನು ಹೊಗಳುವವರು ಈ ಕಹಿಯನ್ನು ನುಂಗಬಾರದು. ಮೂರನೆಯದು ಚಿಕ್ಕದು: ೧೯೯೩ರಿಂದ ವಲಿಯತ್ತಾನರು ನಮ್ಮ ಮಣಿಪಾಲದಲ್ಲಿ ಕುಲಪತಿಯಾಗಿದ್ದು, ಚರಕ ಸುಶ್ರುತ ವಾಗ್ಭಟರ ಅಧ್ಯಯನದಲ್ಲಿ ತೊಡಗಿ, ೨೦೨೪ರ ಜುಲೈ ೧೭ರಂದು ಅಲ್ಲಿಯೇ ತೀರಿಕೊಂಡದ್ದು ಅವಳಿಗೆ ತಿಳಿದಂತಿಲ್ಲ. ಅವಳ ಪ್ರಬಂಧ ಆರಂಭವಾಗುವ ಆ ರಾತ್ರಿಗೆ ಒಂದು ತಿಂಗಳೂ ಮುಂಚೆಯಲ್ಲ.

ಆದರೆ ಕೊನೆಯ ಪುಟದಲ್ಲಿ ಇನ್ನಾರೂ ಕಾಣದ ಒಂದನ್ನು ಅವಳು ಕಂಡಿದ್ದಾಳೆ. ಶಸ್ತ್ರಚಿಕಿತ್ಸೆಯಿಂದ ಕಥೆ ಮುಗಿಯುವುದಿಲ್ಲ. ಲೋಹದ ಕವಾಟವುಳ್ಳವರು ರಕ್ತ ಹೆಪ್ಪುಗಟ್ಟದಂತೆ ಬಾಳಿನುದ್ದಕ್ಕೂ ಗುಳಿಗೆ ನುಂಗಬೇಕು. ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ಹೆಪ್ಪು. ತಂದೆ ತಿಂಗಳಿಗೊಮ್ಮೆ ಬಸ್ಸು ಹಿಡಿದು ಸಿಂಧನೂರಿಗೆ ಹೋಗಿ ರಕ್ತ ಕೊಟ್ಟು ಬರುತ್ತಾರೆ. ಸೊಪ್ಪು ಒಂದು ವಾರ ಹೆಚ್ಚು, ಒಂದು ವಾರ ಕಡಿಮೆಯಾದರೆ ಮದ್ದಿನ ಲೆಕ್ಕ ತಪ್ಪುತ್ತದೆ. ಆದ್ದರಿಂದ ತಾಯಿ ಪುಂಡಿಪಲ್ಲೆಯನ್ನು ಒಂದೇ ಬಟ್ಟಲಿನಿಂದ ಅಳೆದು ಬಡಿಸುತ್ತಾಳೆ. ಪ್ರಯೋಗಶಾಲೆಯ ಕೊನೆಯ ಮೇಜು ಈ ಅಡಿಗೆಮನೆಯಲ್ಲಿದೆ. ಆ ಬಟ್ಟಲೂ ಒಂದು ಉಪಕರಣವೇ.

ತೀರ್ಪಿನ ದಿನ ನಾವು ಮೂವರು ಲಿಂಗಸುಗೂರಿನಲ್ಲಿ ಕೂಡಿದೆವು. ಹಿರಿಯರಾದ ಒಬ್ಬರು ಹಾಳೆಗಳನ್ನು ಮಗುಚಿ, “ಇದರಾಗ ವಸ್ತುವಿಜ್ಞಾನಿ ಎಲ್ಲಿದ್ದಾನ್ರೀ ಸರ? ಒಬ್ಬ ಡಾಕ್ಟರ ಅದಾರ, ಒಬ್ಬ ಅಪ್ಪ ಅದಾನ” ಎಂದರು. ನಿಯಮದ ಪ್ರಕಾರ ಅವರ ಮಾತು ಸರಿ. ವಿಷಯಕ್ಕೆ ಹೊಂದಿದ, ಅಚ್ಚುಕಟ್ಟಾದ, ತಪ್ಪಿಲ್ಲದ ಇನ್ನೊಂದು ಪ್ರಬಂಧಕ್ಕೆ ಮೊದಲ ಬಹುಮಾನವೆಂದಾಯಿತು. ನಾನು ವಾದಿಸಬಹುದಿತ್ತು. ವಾದಿಸಲಿಲ್ಲ. ಬಸ್ಸಿನ ಹೊತ್ತಾಗಿತ್ತು, ಎರಡನೆಯ ಬಹುಮಾನವೂ ಬಹುಮಾನವೇ ಎಂದುಕೊಂಡು ಸಹಿ ಹಾಕಿದೆ. ಭುವನೇಶ್ವರ್ ಅವರ ಹೆಸರೊಂದು ಇದ್ದಿದ್ದರೆ ಆ ಆಕ್ಷೇಪವೇ ಏಳುತ್ತಿರಲಿಲ್ಲವೆಂಬುದು ಆಮೇಲೆ ಹೊಳೆಯಿತು.

ಹಿಂದಿರುಗುವಾಗ ಮಸ್ಕಿಯಲ್ಲಿ ಇಳಿದು ಅಶೋಕನ ಶಾಸನದ ಬಂಡೆಯನ್ನು ನೋಡಿಬಂದೆ. ೧೯೧೫ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರಿಗೆ ಅದು ಕಣ್ಣಿಗೆ ಬಿತ್ತು. ಅದುವರೆಗೆ ದೊರೆತಿದ್ದ ಶಾಸನಗಳಲ್ಲೆಲ್ಲ ದೇವಾನಾಂಪ್ರಿಯನೆಂಬ ಬಿರುದು ಮಾತ್ರವಿತ್ತು; ಬಿರುದಿನ ಹಿಂದಿನ ಮನುಷ್ಯನ ಹೆಸರು ಮೊಟ್ಟಮೊದಲು ಓದಸಿಕ್ಕಿದ್ದು ಆ ಬಂಡೆಯಲ್ಲಿ. ನಾವು ವಿಜ್ಞಾನಿಗಳ ಚರಿತ್ರೆಯಲ್ಲಿ ಮಾಡುತ್ತಿರುವುದು ಇದರ ತಿರುವುಮುರುವು. ಹೆಸರಿನ ಮೇಲೆ ಬಿರುದು ಹೇರಿ ಮನುಷ್ಯನನ್ನು ಮರೆಯಿಸುತ್ತಿದ್ದೇವೆ.

ಆ ಹುಡುಗಿಗೆ ನಾನು ಪತ್ರ ಬರೆದಿದ್ದೇನೆ. ಭುವನೇಶ್ವರರನ್ನೂ ಪೆನಿಸಿಲಿನ್ನನ್ನೂ ಸೇರಿಸಿ ತಿದ್ದಿ ಬರೆಯಲು ಹೇಳಿದ್ದೇನೆ. ಪುಂಡಿಪಲ್ಲೆಯ ಬಟ್ಟಲನ್ನು ಮಾತ್ರ ಯಾರು ಹೇಳಿದರೂ ತೆಗೆಯಬೇಡವೆಂದಿದ್ದೇನೆ.